ಮಳೆಗಾಲದ 24 ವೋಲ್ಟ್ ಆಫ್-ಗ್ರಿಡ್ ಸೋಲಾರ್: ಮಾನಿಟರೇ ಬ್ಯಾಟರಿ ತಿನ್ನದಂತೆ ಮಾಡೋದು ಹೇಗೆ?

ತೋಟದಮನೆ24 (ಪ್ರಶ್ನೆ)

ಹೊಸನಗರ ತಾಲೂಕು, ಒಂಟಿ ಮನೆ, ಲೈನ್ ಬಂದಿಲ್ಲ. ಸಿಸ್ಟಮ್ ಹೀಗಿದೆ: 335 ವ್ಯಾಟ್‌ನ ಎರಡು ಪ್ಯಾನೆಲ್ ಪ್ಯಾರಲಲ್, ಇಪಿಎವರ್ ಟ್ರೇಸರ್ ಎಎನ್ 30 ಆಂಪ್ ಎಂಪಿಪಿಟಿ (ಪ್ಯಾನೆಲ್ ಕರೆಂಟಿನಿಂದ ಬ್ಯಾಟರಿ ಚಾರ್ಜ್ ಮಾಡೋ ಕಂಟ್ರೋಲರ್), 12 ವೋಲ್ಟ್ 150 ಎಎಚ್ ಟ್ಯೂಬುಲರ್ ಎರಡು ಸೀರೀಸ್‌ನಲ್ಲಿ. 24 ವೋಲ್ಟ್ ಹೋಮ್ ಇನ್ವರ್ಟರ್ ನೇರ ಬ್ಯಾಟರಿಗೆ ಕೂತಿದೆ, ದಿನದ 24 ಗಂಟೆ ಆನ್. ಲೋಡ್ ಅಂದರೆ ಎಲ್‌ಇಡಿ ಬಲ್ಬ್ 9, ಫ್ಯಾನ್ 2, ರೌಟರ್, ಟಿವಿ, ದಿನಕ್ಕೊಮ್ಮೆ ಮಿಕ್ಸಿ.

ಬ್ಯಾಟರಿ, ಕಂಟ್ರೋಲರ್, ಇನ್ವರ್ಟರ್ ಮೂರೂ ಅಂಗಳದ ಆಚೆ ಕೊಟ್ಟಿಗೆ ಪಕ್ಕದ ಕೋಣೆಯಲ್ಲಿವೆ. ಮನೆಯಿಂದ 40 ಮೀಟರ್. ಮಧ್ಯೆ ಜಂಬಿಟ್ಟಿಗೆ ಗೋಡೆ, ವೈಫೈ ಅಲ್ಲಿಗೆ ಸರಿಯಾಗಿ ತಲುಪಲ್ಲ.

ಜನವರಿಯಿಂದ ಮೇ ತನಕ ಚಿಂತೆ ಇಲ್ಲ, ಮಧ್ಯಾಹ್ನದೊಳಗೆ ಫ್ಲೋಟ್‌ಗೆ (ಬ್ಯಾಟರಿ ತುಂಬಿದ ಮೇಲಿನ ಹಂತಕ್ಕೆ) ಬರುತ್ತೆ. ಜೂನ್ ಅರ್ಧದಿಂದ ಆಗಸ್ಟ್ ತನಕ ಬೆಳಗಿನ ಜಾವ ಇನ್ವರ್ಟರ್ ಲೋ ಬ್ಯಾಟರಿ ಕೂಗುತ್ತೆ. ಕಂಟ್ರೋಲರ್ ಡಿಸ್‌ಪ್ಲೇ ಮಾತ್ರ ಸಂಜೆ ಹೊತ್ತಿಗೆ 100% ಅಂತ ತೋರಿಸಿರುತ್ತೆ.

ಬ್ಯಾಟರಿ ಮೇಲೆ ಕಣ್ಣಿಡೋ ಮಾನಿಟರ್ ಮಾಡೋಕೆ ಇಎಸ್‌ಪಿ32 ಡೆವ್ ಬೋರ್ಡ್ (ವೈಫೈ ಇರೋ ಪುಟ್ಟ ಪ್ರೊಸೆಸರ್ ಬೋರ್ಡ್), ಎಲ್‌ಎಂ2596 ಬಕ್ (ವೋಲ್ಟೇಜ್ ಇಳಿಸೋ) ಮಾಡ್ಯೂಲ್, ಐಎನ್‌ಎ219 (ವೋಲ್ಟ್, ಆಂಪ್ ಅಳೆಯೋ) ಮಾಡ್ಯೂಲ್ ಕೈಲಿವೆ. ಕೇಳೋದು ಮೂರು. ಮಾನಿಟರ್ ಸ್ವತಃ ಎಷ್ಟು ಕಮ್ಮಿ ಕರೆಂಟಲ್ಲಿ ಓಡಬಹುದು? ಬ್ಯಾಟರಿ ನಿಜವಾಗಿ ಎಷ್ಟು ಉಳಿದಿದೆ ಅಂತ ತಿಳಿಯೋದು ಹೇಗೆ? ಕಮ್ಮಿಯಾದಾಗ ಲೋಡ್ ತಾನೇ ಕಳಚೋ ವ್ಯವಸ್ಥೆ ಹೇಗೆ? ಇಪಿಎವರ್‌ನ ಆರ್‌ಎಸ್485 (ಡೇಟಾ) ಪೋರ್ಟ್ ಓದಿದರೆ ಸಾಕಾ?

---

ಶಂಟ್‌ಭಟ್ಟ

ಮೈಕ್ರೋಆಂಪ್ ಲೆಕ್ಕಕ್ಕೆ ಇಳಿಯೋ ಮೊದಲು ವ್ಯಾಟ್ ಲೆಕ್ಕ ಒಮ್ಮೆ ಬರೆದುಕೊಳ್ಳಿ. 24 ವೋಲ್ಟ್ ಹೋಮ್ ಇನ್ವರ್ಟರ್ ಏನೂ ಲೋಡ್ ಇಲ್ಲದೆ ಸುಮ್ಮನೆ ಆನ್ ಇದ್ದರೇ 0.8ರಿಂದ 1 ಆಂಪ್ ಎಳೆಯೋದು ಮಾಮೂಲು. 20 ವ್ಯಾಟ್ ಅಂದುಕೊಳ್ಳಿ. ದಿನಕ್ಕೆ 480 ವ್ಯಾಟ್-ಅವರ್. ರೌಟರ್ 6 ವ್ಯಾಟ್ ಹಿಡಿದರೆ 144. ವೈಫೈ ಸದಾ ಆನ್ ಇರೋ ಇಎಸ್‌ಪಿ32, ಬಕ್‌ನ ನಷ್ಟ ಸೇರಿ 0.7 ವ್ಯಾಟ್, ದಿನಕ್ಕೆ 17. ಒಟ್ಟು 640 ವ್ಯಾಟ್-ಅವರ್, ಇನ್ನೂ ಒಂದು ಬಲ್ಬ್ ಕೂಡ ಉರಿದಿಲ್ಲ.

ಈಗ ಗಳಿಕೆ ನೋಡಿ. ಆಷಾಢದ ದಟ್ಟ ಮೋಡದಲ್ಲಿ ಪ್ಯಾನೆಲ್ ತನ್ನ ಮೇಲೆ ಬರೆದದ್ದರ 10–20% ಕೊಟ್ಟರೆ ಹೆಚ್ಚು. 670 ವ್ಯಾಟಿಗೆ 67ರಿಂದ 134. ಅದೂ ಆರು ಗಂಟೆ ಸಿಕ್ಕಿತು ಅಂದರೆ 400–800 ವ್ಯಾಟ್-ಅವರ್. ಅಂದರೆ ಮೋಡದ ದಿನದ ದುಡಿಮೆಯೆಲ್ಲ ಸುಮ್ಮನೆ ಕೂತ ಯಂತ್ರಗಳ ಹೊಟ್ಟೆಗೆ. ಬಲ್ಬು, ಫ್ಯಾನು ಎಲ್ಲ ಬ್ಯಾಟರಿಯ ಮೂಲಧನದಿಂದ ಉರಿಯುತ್ತಿವೆ. ನಿಮ್ಮ ಬ್ಯಾಂಕ್ 3.6 ಯೂನಿಟ್, ಅರ್ಧ ಬಳಸಬಹುದು ಅಂದರೆ 1.8. ಮೂರನೇ ದಿನ ಬೆಳಗಿನ ಜಾವ ಕೂಗದೆ ಇನ್ನೇನು?

ಹಾಗಾಗಿ ಕೆಲಸದ ಕ್ರಮ: ಮೊದಲು ಇನ್ವರ್ಟರ್ ಐಡಲ್ ಆಂಪ್ ಅಳೆಯಿರಿ. ಡಿಸಿ ಅಳೆಯೋ ಕ್ಲಾಂಪ್ ಮೀಟರ್ ಬೇಕು. ಎಸಿ ಮಾತ್ರ ಅಳೆಯೋ ಕ್ಲಾಂಪನ್ನು ಡಿಸಿ ಕೇಬಲ್‌ಗೆ ಹಾಕಿದರೆ ಸೊನ್ನೆ ಹತ್ತಿರವೇ ತೋರಿಸುತ್ತೆ, ನಂಬಬೇಡಿ. ಅಳೆಯೋ ಮೊದಲು ಕ್ಲಾಂಪಿನ ಝೀರೋ ಬಟನ್ ಒತ್ತಿ, ಆಮೇಲೆ ಇನ್ವರ್ಟರಿನ ಪಾಸಿಟಿವ್ ಕೇಬಲ್ ಒಂದಕ್ಕೇ ಹಾಕಿ.

ಎರಡನೆಯದು, ರೌಟರ್ ಮತ್ತು ರಾತ್ರಿ ಬೇಕಾಗೋ ನಾಲ್ಕು ದೀಪ ಇನ್ವರ್ಟರಿನಿಂದ ಬಿಡಿಸಿ ನೇರ 24 ವೋಲ್ಟ್ ಡಿಸಿ ಲೈನ್‌ಗೆ ಹಾಕಿ. 40 ಮೀಟರ್‌ಗೆ ಹೋಗಿ-ಬರೋ ವೈರ್ 80 ಮೀಟರ್. 2.5 ಚದರ ಮಿಲಿಮೀಟರ್ ತಾಮ್ರದಲ್ಲಿ ಸುಮಾರು 0.6 ಓಮ್, 2 ಆಂಪ್‌ಗೆ 1.2 ವೋಲ್ಟ್ ಬೀಳುತ್ತೆ. ಪರವಾಗಿಲ್ಲ. ಮನೆ ತುದಿಯಲ್ಲಿ 24ರಿಂದ 12ಕ್ಕೆ ಇಳಿಸೋ ಬಕ್ ಇಟ್ಟು ರೌಟರ್‌ಗೆ ಕೊಡಿ. ಬ್ಯಾಟರಿ ತುದಿಯಲ್ಲಿ 3 ಆಂಪ್ ಫ್ಯೂಸ್ ಕಡ್ಡಾಯ. ಇಷ್ಟಾದರೆ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಇನ್ವರ್ಟರ್ ಆಫ್ ಮಾಡಬಹುದು. ಎಂಟು ಗಂಟೆಗೆ 160 ವ್ಯಾಟ್-ಅವರ್ ಉಳಿತಾಯ, ಅಂದರೆ ಇಎಸ್‌ಪಿ32 ಒಂಬತ್ತು ದಿನ ತಿನ್ನೋದು. ಮಾನಿಟರ್ ಬೇಕು, ಸರಿ. ಆದರೆ ಅದರ ಕೆಲಸ ಇದನ್ನ ಮಾಡಿಸೋದು, ಮೊಬೈಲಿನಲ್ಲಿ ಗ್ರಾಫ್ ತೋರಿಸೋದಲ್ಲ.

---

ಕಿಲುಬು_ಟರ್ಮಿನಲ್

ಮೇಲಿನವರ ಲೆಕ್ಕಕ್ಕೆ ನನ್ನದೂ ಒಪ್ಪಿಗೆ. ಈಗ ಕೈಲಿರೋ ಸಾಮಾನು ನೋಡೋಣ ಮಾರಾಯ್ರೆ, ಅದರಲ್ಲಿ ಎರಡು ನಿಮ್ಮ ಸಿಸ್ಟಮ್‌ಗೆ ಆಗಲ್ಲ.

ಐಎನ್‌ಎ219ರ ಮಿತಿ 26 ವೋಲ್ಟ್. ನಿಮ್ಮ ಬ್ಯಾಂಕ್ ಚಾರ್ಜ್ ಆಗುವಾಗ ದಿನಾ ಅದನ್ನ ದಾಟುತ್ತೆ. ಇಪಿಎವರ್‌ನಲ್ಲಿ ಫ್ಲಡೆಡ್ (ನೀರು ಹಾಕೋ ಬ್ಯಾಟರಿ) ಅಂತ ಸೆಟ್ ಮಾಡಿದ್ರೆ ಬೂಸ್ಟ್, ಅಂದರೆ ಪೂರ್ತಿ ಚಾರ್ಜಿನ ವೋಲ್ಟೇಜ್, 29.2; ಈಕ್ವಲೈಸ್, ಅಂದರೆ ಸೆಲ್‌ಗಳನ್ನ ಸಮ ಮಾಡೋ ಹೆಚ್ಚುವರಿ ಚಾರ್ಜಿನದು, 29.6. ಅದರ ಮೇಲೆ ತಾಪಮಾನದ ಹೊಂದಾಣಿಕೆ, ಸೆಲ್‌ಗೆ ಡಿಗ್ರಿಗೆ 3 ಮಿಲಿವೋಲ್ಟ್. ಡಿಸೆಂಬರಿನ 15 ಡಿಗ್ರಿ ಬೆಳಗಲ್ಲಿ 25 ಡಿಗ್ರಿಗಿಂತ ಹತ್ತು ಕಮ್ಮಿ, ಹನ್ನೆರಡು ಸೆಲ್‌ಗೆ 0.36 ವೋಲ್ಟ್ ಜಾಸ್ತಿ. 30ರ ಹತ್ತಿರ ಹೋಯ್ತು. ಐಎನ್‌ಎ226 ತಗೊಳ್ಳಿ, 36 ವೋಲ್ಟ್ ತನಕ ತಡೆಯುತ್ತೆ. (48 ವೋಲ್ಟ್ ಸಿಸ್ಟಮ್‌ನವರು ಇದನ್ನ ಓದ್ತಿದ್ರೆ ನಿಮಗೆ 226 ಕೂಡ ಅಲ್ಲ, 85 ವೋಲ್ಟ್‌ನ ಐಎನ್‌ಎ228.)

ಎಲ್‌ಎಂ2596 ಸುಡಲ್ಲ, 40 ವೋಲ್ಟ್ ತಡೆಯುತ್ತೆ, ಆದರೆ ತಾನೇ 5 ಮಿಲಿಆಂಪ್‌ಗಿಂತ ಮೇಲೆ ಕುಡಿಯುತ್ತೆ. 26 ವೋಲ್ಟ್‌ಗೆ ಲೆಕ್ಕ ಹಾಕಿದರೆ ದಿನಕ್ಕೆ 3 ವ್ಯಾಟ್-ಅವರ್ ಬರೀ ಅದರ ಬಾಯಿಗೆ. ಬದಲಿಗೆ ಎಂಪಿ1584ರ ಪುಟ್ಟ ಮಾಡ್ಯೂಲ್ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದರ ಮಿತಿ 28 ವೋಲ್ಟ್, ಮೊದಲ ಈಕ್ವಲೈಸ್ ದಿನವೇ ಹೊಗೆ. ಮಾರ್ನ್‌ಸನ್ ಕೆ7805-500ಆರ್3 ತರದ ಮೂರು ಕಾಲಿನ ಸ್ವಿಚಿಂಗ್ ರೆಗ್ಯುಲೇಟರ್ ಹಾಕಿ: 36 ವೋಲ್ಟ್ ತನಕ, ಲೋಡ್ ಇಲ್ಲದಾಗ 0.2 ಮಿಲಿಆಂಪ್. 5 ವೋಲ್ಟ್ ರಿಲೇಗೆ ಬೇಕಾಗುತ್ತೆ, ಅದರ ಮುಂದೆ ಎಚ್‌ಟಿ7333 ಹಾಕಿ 3.3 ಮಾಡಿಕೊಳ್ಳಿ, ಅದು ಬರೀ 4 ಮೈಕ್ರೋಆಂಪ್.

ಎರಡು ಬ್ಯಾಟರಿಯ ನಡುವಿನಿಂದ 12 ವೋಲ್ಟ್ ಕದಿಯೋ ಯೋಚನೆ ಬಂದರೆ ಅಲ್ಲೇ ಬಿಡಿ. 30 ಮಿಲಿಆಂಪ್ ಸದಾ ಒಂದೇ ಬ್ಯಾಟರಿಯಿಂದ ಹೋದರೆ ತಿಂಗಳಿಗೆ 21 ಎಎಚ್ ವ್ಯತ್ಯಾಸ. ಕಂಟ್ರೋಲರ್ ನೋಡೋದು ಎರಡರ ಮೊತ್ತ ಮಾತ್ರ. ಒಂದು ಹಸಿದು ಸಲ್ಫೇಟ್ ಆಗುತ್ತೆ, ಇನ್ನೊಂದು ಕುದ್ದು ನೀರು ಕಳ್ಕೊಳ್ಳುತ್ತೆ.

ಇಎಸ್‌ಪಿ32 ಡೀಪ್ ಸ್ಲೀಪ್‌ನಲ್ಲಿ (ಕೆಲಸ ಇಲ್ಲದಾಗ ಮಲಗೋ ಸ್ಥಿತಿಯಲ್ಲಿ) 10 ಮೈಕ್ರೋಆಂಪ್ ಅಂತ ಬರೆದಿರೋದು ಚಿಪ್‌ಗೆ, ಡೆವ್ ಬೋರ್ಡ್‌ಗಲ್ಲ. ಬೋರ್ಡ್ ಮೇಲಿನ ಎಎಂಎಸ್1117 ರೆಗ್ಯುಲೇಟರ್ ಒಂದೇ 5 ಮಿಲಿಆಂಪ್ ಎಳೆಯುತ್ತೆ, ಯುಎಸ್‌ಬಿ ಚಿಪ್ ಮತ್ತು ಪವರ್ ಎಲ್‌ಇಡಿ ಬೇರೆ. ಅದನ್ನ ಮನೆಯೊಳಗೆ ರಿಸೀವರ್ ಆಗಿ ಇಟ್ಕೊಳ್ಳಿ. ಬ್ಯಾಟರಿ ಕೋಣೆಗೆ 3.3 ವೋಲ್ಟ್ 8 ಮೆಗಾಹರ್ಟ್ಸ್‌ನ ಪ್ರೊ ಮಿನಿ, ಅಂದರೆ ಎಟಿಮೆಗಾ328ಪಿ ಚಿಪ್ ಇರೋ ಪುಟ್ಟ ಬೋರ್ಡ್. ಅದರ ಮೇಲಿನ ಪವರ್ ಎಲ್‌ಇಡಿ ಮತ್ತು ರೆಗ್ಯುಲೇಟರ್ ಬೆಸುಗೆ ಬಿಡಿಸಿ ತೆಗೆದು, 3.3 ವೋಲ್ಟ್ ನೇರ ವಿಸಿಸಿ ಪಿನ್‌ಗೆ ಕೊಡಿ. ವಾಚ್‌ಡಾಗ್ (ಚಿಪ್ ಒಳಗಿನ ಕಾವಲು ಟೈಮರ್) ಆನ್ ಇಟ್ಟು ಮಲಗಿಸಿದರೆ 5 ಮೈಕ್ರೋಆಂಪ್ ಆಸುಪಾಸು.

---

ಸೀಸದ_ಫಲಕ

ಆರ್‌ಎಸ್485 ಓದಿದರೆ ಸಾಕೇ ಅನ್ನೋದಕ್ಕೆ: ಅರ್ಧ ಸಾಕು. ಟ್ರೇಸರ್ ಎಎನ್ ಮಾಡ್‌ಬಸ್ ಎಂಬ ಡೇಟಾ ಭಾಷೆಯಲ್ಲಿ ಮಾತಾಡುತ್ತದೆ, ವಿಳಾಸ 1, ವೇಗ 115200, ಫಂಕ್ಷನ್ 04. ಹೆಕ್ಸ್ 3100 ಪ್ಯಾನೆಲ್ ವೋಲ್ಟ್, 3101 ಪ್ಯಾನೆಲ್ ಆಂಪ್, 3104 ಬ್ಯಾಟರಿ ವೋಲ್ಟ್, 3105 ಚಾರ್ಜಿಂಗ್ ಆಂಪ್, 311ಎ ಬ್ಯಾಟರಿ ಶೇಕಡ. ವೋಲ್ಟ್, ಆಂಪ್ ಎಲ್ಲ 100ರಿಂದ ಗುಣಿಸಿ ಬರುತ್ತವೆ. ಸಾಕೆಟ್ಟಿನ 3, 4ನೇ ಪಿನ್ ಬಿ, 5, 6 ಎ, 7, 8 ಗ್ರೌಂಡ್. 1, 2ರಲ್ಲಿ ಬರುವ ವೋಲ್ಟೇಜಿನಿಂದ ನಿಮ್ಮ ಬೋರ್ಡ್ ಓಡಿಸಬೇಡಿ, ಅದು ಅದರ ಸ್ವಂತ ಡಿಸ್‌ಪ್ಲೇ ಮತ್ತು ಅಡಾಪ್ಟರ್‌ಗೆ.

ಕೊರತೆ ಎಲ್ಲಿ ಅಂದರೆ, ನಿಮ್ಮ ಇನ್ವರ್ಟರ್ ನೇರ ಬ್ಯಾಟರಿಗೆ ಕೂತಿದೆ. ಅದು ಎಷ್ಟು ತಿಂದಿತು ಅನ್ನೋದು ಕಂಟ್ರೋಲರಿನ ಕಣ್ಣಿಗೆ ಬೀಳುವುದೇ ಇಲ್ಲ. 311ಎಯಲ್ಲಿ ಕಾಣುವ ಶೇಕಡ ವೋಲ್ಟೇಜ್ ನೋಡಿ ಹಾಕಿದ ಅಂದಾಜು. ಸಂಜೆ ಚಾರ್ಜ್ ಆಗುತ್ತಿರುವಾಗ ಟರ್ಮಿನಲ್ ವೋಲ್ಟೇಜ್ ಮೇಲೆದ್ದಿರುತ್ತದೆ, ಅದಕ್ಕೇ 100%. ಚಾರ್ಜಿಂಗ್ ಹಂತ, ಪ್ಯಾನೆಲ್ ವೋಲ್ಟೇಜ್ ಬೇಕಿದ್ದರೆ ಮಾಡ್‌ಬಸ್ ಓದಿ. ಬ್ಯಾಟರಿಯ ಜಮಾ-ಖರ್ಚಿಗೆ ಶಂಟ್ (ಹರಿಯುವ ಆಂಪ್ ಅಳೆಯಲು ದಾರಿಯಲ್ಲಿ ಕೂರಿಸುವ ಅತಿ ಸಣ್ಣ ರೆಸಿಸ್ಟರ್) ಬೇಕೇ ಬೇಕು.

ವೋಲ್ಟೇಜ್ ಪಟ್ಟಿಗಳ ಬಗ್ಗೆ ಒಂದು ಮಾತು. ಇಂಟರ್ನೆಟ್ಟಿನಲ್ಲಿ ಸಿಗುವ '12.7 ಅಂದರೆ ಪೂರ್ತಿ, 12.2 ಅಂದರೆ ಅರ್ಧ' ಪಟ್ಟಿ 1.265–1.280 ಸಾಂದ್ರತೆಯ ಆಸಿಡ್ ಇರುವ ಬ್ಯಾಟರಿಗೆ. ನಮ್ಮಲ್ಲಿ ಮಾರುವ ಸೋಲಾರ್ ಟ್ಯೂಬುಲರ್‌ಗಳಲ್ಲಿ ಪೂರ್ತಿ ಚಾರ್ಜ್ ಆದಾಗಿನ ಸಾಂದ್ರತೆ ಸಾಮಾನ್ಯವಾಗಿ 1.240, 27 ಡಿಗ್ರಿಯಲ್ಲಿ. ಲೇಬಲ್ ಮೇಲೇ ಅಚ್ಚಾಗಿರುತ್ತದೆ, ನೋಡಿ. ವಿಶ್ರಾಂತಿಯಲ್ಲಿರುವ ಸೆಲ್‌ನ ವೋಲ್ಟೇಜ್ ಸುಮಾರಾಗಿ ಸಾಂದ್ರತೆಗೆ 0.84 ಕೂಡಿಸಿದಷ್ಟು. ಹನ್ನೆರಡು ಸೆಲ್‌ಗೆ 12 × 2.08 = 24.96. ಅಂದರೆ ನಿಮ್ಮ ಬ್ಯಾಂಕ್ ತುಂಬಿ ತುಳುಕುತ್ತಿದ್ದರೂ ವಿಶ್ರಾಂತಿಯಲ್ಲಿ 25 ವೋಲ್ಟ್ ದಾಟುವುದಿಲ್ಲ. ಕಾರಿನ ಪಟ್ಟಿ ಹಿಡಿದವರು ಅದನ್ನು 'ಮುಕ್ಕಾಲು' ಎಂದು ಓದುತ್ತಾರೆ, ಬ್ಯಾಟರಿ ಹಾಳಾಗಿದೆ ಎಂದು ಅಂಗಡಿಗೂ ಹೋಗುತ್ತಾರೆ. ಸಾಂದ್ರತೆ 1.175ಕ್ಕೆ ಇಳಿದಾಗ 24.2 ವೋಲ್ಟ್ ಆಸುಪಾಸು; ಕೆಲಸಕ್ಕೆ ಇದನ್ನೇ ಅರ್ಧ ಎಂದು ಹಿಡಿಯಿರಿ. ಇದೂ ಲೋಡ್, ಚಾರ್ಜ್ ಎರಡೂ ಬಿಟ್ಟು ಮೂರು ನಾಲ್ಕು ಗಂಟೆ ಆದಮೇಲೆ. ಹೈಡ್ರೋಮೀಟರ್ (ಆಸಿಡ್ ಸಾಂದ್ರತೆ ಅಳೆಯುವ ಸಾಧನ) ಕೈಲಿಟ್ಟುಕೊಂಡು ತಿಂಗಳಿಗೊಮ್ಮೆ ಹನ್ನೆರಡೂ ಸೆಲ್ ನೋಡಿ, ಶಂಟ್ ಲೆಕ್ಕಕ್ಕೆ ಅದೇ ಸಾಕ್ಷಿ.

---

ತೋಟದಮನೆ24

ಉಪಕಾರ ಆಯ್ತು. ಲೇಬಲ್ ನೋಡಿದೆ, 1.240 ಅಂತಲೇ ಇದೆ. ಶಂಟ್ ಎಷ್ಟು ಆಂಪಿನದು, ಎಲ್ಲಿ ಕೂರಿಸೋದು? ಪ್ರೊ ಮಿನಿ ಮಲಗಿದ್ದರೆ ಆಗ ಹರಿಯೋ ಕರೆಂಟ್ ಲೆಕ್ಕಕ್ಕೆ ಸಿಗೋದು ಹೇಗೆ? ಹತ್ತು ನಿಮಿಷಕ್ಕೊಮ್ಮೆ ಎದ್ದರೆ ಮಿಕ್ಸಿ ಓಡಿದ್ದೇ ಗೊತ್ತಾಗಲ್ಲ ಅಲ್ವಾ? ಮತ್ತೆ 40 ಮೀಟರಿಗೆ ಕ್ಯಾಟ್5 ಕೇಬಲ್ ಎಳೆದರೆ ರೇಡಿಯೋ ಗೋಜೇ ಬೇಡ ಅಂತ ಅನ್ನಿಸ್ತಿದೆ.

---

ಶಂಟ್‌ಭಟ್ಟ

50 ಆಂಪ್, 75 ಮಿಲಿವೋಲ್ಟ್ ಶಂಟ್. ಅಂದರೆ 1.5 ಮಿಲಿಓಮ್. ಐಎನ್‌ಎ226ರ ಅಳತೆಯ ವ್ಯಾಪ್ತಿ ±81.92 ಮಿಲಿವೋಲ್ಟ್, ಒಂದು ಮೆಟ್ಟಿಲು 2.5 ಮೈಕ್ರೋವೋಲ್ಟ್, ಈ ಶಂಟ್‌ಗೆ 1.67 ಮಿಲಿಆಂಪ್ ಆಯ್ತು. ಆಫ್‌ಸೆಟ್ ಹೆಚ್ಚೆಂದರೆ 10 ಮೈಕ್ರೋವೋಲ್ಟ್, ಅಂದರೆ 6.7 ಮಿಲಿಆಂಪ್, ದಿನಕ್ಕೆ 0.16 ಎಎಚ್ ತಪ್ಪು. 150 ಎಎಚ್ ಬ್ಯಾಂಕ್‌ಗೆ ಇದು ಧೂಳು. ಆದರೂ ಎಲ್ಲ ಬಿಚ್ಚಿ ಒಮ್ಮೆ ಸೊನ್ನೆ ಓದಿ ಕಳೆದುಬಿಡಿ. ಇನ್ವರ್ಟರ್ ಪೂರ್ತಿ ಲೋಡ್‌ನಲ್ಲಿ 50 ಆಂಪ್ ದಾಟುವಂತಿದ್ದರೆ 100 ಆಂಪ್ ಶಂಟ್ ಹಾಕಿ, ಮೇಲಿನ ಲೆಕ್ಕ ಎರಡರಷ್ಟಾಗುತ್ತೆ ಅಷ್ಟೆ.

ಕೂರಿಸೋ ಜಾಗ ಬ್ಯಾಟರಿ ನೆಗೆಟಿವ್. ಬ್ಯಾಟರಿಯ ಟರ್ಮಿನಲ್‌ನಿಂದ ಒಂದೇ ಕೇಬಲ್ ಶಂಟ್‌ಗೆ, ಇನ್ವರ್ಟರ್, ಕಂಟ್ರೋಲರ್, ಡಿಸಿ ಲೈನ್, ಮಾನಿಟರ್ ಎಲ್ಲದರ ನೆಗೆಟಿವ್ ಶಂಟ್‌ನ ಆ ಕಡೆಗೆ. ಒಂದೇ ಒಂದು ನೆಗೆಟಿವ್ ನೇರ ಬ್ಯಾಟರಿಗೆ ಉಳಿದುಹೋದರೂ ಲೆಕ್ಕ ಸೋರುತ್ತೆ. ಟ್ರೇಸರ್ ಎಎನ್ ಕಾಮನ್ ನೆಗೆಟಿವ್, ಅಂದರೆ ನೆಗೆಟಿವ್‌ಗಳೆಲ್ಲ ಒಳಗೇ ಒಂದಾಗಿವೆ, ತೊಂದರೆ ಇಲ್ಲ. ಅಗ್ಗದ ಪಿಡಬ್ಲ್ಯೂಎಂ ಕಂಟ್ರೋಲರ್ ಇರೋರು ಮಾತ್ರ ಹುಷಾರು, ಅವುಗಳಲ್ಲಿ ಬಹಳಷ್ಟು ಕಾಮನ್ ಪಾಸಿಟಿವ್. ಪ್ಯಾನೆಲ್ ನೆಗೆಟಿವ್, ಲೋಡ್ ನೆಗೆಟಿವ್ ಎರಡನ್ನೂ ಬ್ಯಾಟರಿ ನೆಗೆಟಿವ್ ಜೊತೆ ಜೋಡಿಸಿದರೆ ಕಂಟ್ರೋಲರ್ ಒಳಗಿನ ಸ್ವಿಚ್‌ಗೇ ಅಡ್ಡದಾರಿ ಮಾಡಿಕೊಟ್ಟ ಹಾಗೆ, ಕಟಾಫ್ ಕೆಲಸವೇ ಮಾಡಲ್ಲ.

ಐಎನ್‌ಎ226 ಮಾಡ್ಯೂಲ್ ಮೇಲೆ ಪುಟ್ಟ ಶಂಟ್ ರೆಸಿಸ್ಟರ್ ಕೂತಿರುತ್ತೆ, ಮೇಲೆ ಆರ್100 ಅಂತಲೋ ಆರ್010 ಅಂತಲೋ ಇರುತ್ತೆ. ಅದನ್ನ ಕಿತ್ತು ತೆಗೆಯಿರಿ. ಇಲ್ಲದಿದ್ದರೆ ಹೊರಗಿನ ಶಂಟ್‌ಗೆ ಪ್ಯಾರಲಲ್ ಆಗಿ ಓದು ತಪ್ಪುತ್ತೆ, ಶಂಟ್‌ನ ನಟ್ ಸಡಿಲಾದ ದಿನ ಅಷ್ಟೂ ಆಂಪ್ ಆ ಸಣ್ಣ ವೈರ್ ಹಿಡಿದು ಮಾಡ್ಯೂಲ್‌ಗೆ ನುಗ್ಗುತ್ತೆ. ಎರಡೂ ಸೆನ್ಸ್ ವೈರ್‌ಗೆ, ವೋಲ್ಟೇಜ್ ವೈರ್‌ಗೂ, ಶಂಟ್/ಬ್ಯಾಟರಿ ಹತ್ತಿರವೇ ಅರ್ಧ ಆಂಪ್ ಫ್ಯೂಸ್.

ಮಲಗಿದ್ದಾಗ ಲೆಕ್ಕ ಯಾರಿಡೋದು ಅನ್ನೋದೇ ಇದರಲ್ಲಿ ಚಂದದ ಭಾಗ. ಲೆಕ್ಕ ಇಡೋದು ಐಎನ್‌ಎ226. ಕಾನ್ಫಿಗರೇಶನ್ ರಿಜಿಸ್ಟರ್‌ಗೆ ಹೆಕ್ಸ್ 4ಎಫ್‌ಎಫ್‌ಎಫ್ ಬರೆಯಿರಿ: 1024 ಅಳತೆಗಳ ಸರಾಸರಿ, ಶಂಟ್‌ಗೆ 8.244 ಮಿಲಿಸೆಕೆಂಡ್, ವೋಲ್ಟೇಜ್‌ಗೆ 8.244, ನಿರಂತರ. ಎಲ್ಲ ಗುಣಿಸಿದರೆ 16.9 ಸೆಕೆಂಡಿಗೊಂದು ಸರಾಸರಿ ಸಿದ್ಧ. 06ನೇ ರಿಜಿಸ್ಟರ್‌ಗೆ ಹೆಕ್ಸ್ 0400 ಬರೆದರೆ ಪ್ರತಿ ಸಲ ಸಿದ್ಧವಾದಾಗ ಅಲರ್ಟ್ ಪಿನ್ ಕೆಳಗಿಳಿಯುತ್ತೆ. ಅದನ್ನ ಪ್ರೊ ಮಿನಿಯ ಡಿ3ಗೆ ಕೊಡಿ (ಡಿ2 ರೇಡಿಯೋಗೆ ಇರಲಿ). ಪ್ರೊಸೆಸರ್ ಏಳುತ್ತೆ, ಸರಾಸರಿ ಆಂಪ್ ಓದುತ್ತೆ, 16.9ರಿಂದ ಗುಣಿಸಿ ಒಳಬಂದ ಖಾತೆಗೋ ಹೊರಹೋದ ಖಾತೆಗೋ ಕೂಡುತ್ತೆ, ಮಲಗುತ್ತೆ. ಮಿಕ್ಸಿ ಹತ್ತೇ ಸೆಕೆಂಡ್ ಓಡಿದರೂ ಸರಾಸರಿಯೊಳಗೆ ಬಿದ್ದಿರುತ್ತೆ. ಎದ್ದಾಗೆಲ್ಲ 06ನೇ ರಿಜಿಸ್ಟರ್ ಓದಲೇಬೇಕು, ಓದದಿದ್ದರೆ ಪಿನ್ ಕೆಳಗೇ ಉಳಿದು ಪ್ರೊಸೆಸರ್ ಮಲಗೋದೇ ಇಲ್ಲ. 'ಸ್ಲೀಪ್ ಕೋಡ್ ಹಾಕಿದೀನಿ, ಆದ್ರೂ 4 ಮಿಲಿಆಂಪ್' ಅನ್ನೋ ಪ್ರಶ್ನೆಗಳಲ್ಲಿ ಎಷ್ಟೋ ಇದೇ.

ಐಎನ್‌ಎ226 ಸ್ವಂತಕ್ಕೆ 330 ಮೈಕ್ರೋಆಂಪ್ ತಗೊಳ್ಳುತ್ತೆ. ಇದನ್ನ ಉಳಿಸೋಕೆ ಅದನ್ನೂ ಮಲಗಿಸಬೇಡಿ, ಲೆಕ್ಕಿಗನನ್ನೇ ಮಲಗಿಸಿದ ಹಾಗಾಗುತ್ತೆ.

ಖಾತೆಯ ಮೊತ್ತ ಇಇಪ್ರಾಮ್‌ಗೆ (ಕರೆಂಟ್ ಹೋದರೂ ಉಳಿಯೋ ಮೆಮೊರಿಗೆ) ಗಂಟೆಗೊಮ್ಮೆ ಬರೆದರೆ ಸಾಕು. ಒಂದು ಜಾಗಕ್ಕೆ ಒಂದು ಲಕ್ಷ ಬರಹದ ಆಯಸ್ಸು. ಗಂಟೆಗೊಮ್ಮೆಯಾದರೆ 11 ವರ್ಷ, ಪ್ರತಿ 17 ಸೆಕೆಂಡಿಗೆ ಬರೆದರೆ ಇಪ್ಪತ್ತು ದಿನಕ್ಕೆ ಮುಗೀತು.

---

ಕಿಲುಬು_ಟರ್ಮಿನಲ್

ಕ್ಯಾಟ್5 ಬೇಡ. ಏಪ್ರಿಲ್–ಮೇನಲ್ಲಿ ನಮ್ಮ ಕಡೆ ಗುಡುಗು ಹೊಡೆಯೋ ರೀತಿ ಗೊತ್ತಿದೆಯಲ್ಲ, ಅಂಗಳದ ಮೇಲೆ ಹಾದ 40 ಮೀಟರ್ ಡೇಟಾ ವೈರ್ ಸರ್ಜ್ ಹಿಡಿಯೋ ಬಲೆ. ಡಿಸಿ ಲೈನ್‌ಗೂ ಅದೇ ಅಪಾಯ ಇದೆ, ಆದರೆ ಅಲ್ಲಿ ಎರಡೂ ತುದಿಗೆ ಸರ್ಜ್ ಅರೆಸ್ಟರ್ ಹಾಕಿ, ಫ್ಯೂಸ್ ಹಾಕಿ ಬಚಾವಾಗಬಹುದು, ವೈರನ್ನ ಪೈಪ್‌ನಲ್ಲಿ ನೆಲದಡಿ ಒಯ್ಯಬಹುದು. ಐ2ಸಿ ವೈರ್ (ಐಎನ್‌ಎ226ರಿಂದ ಪ್ರೊ ಮಿನಿಗೆ ಹೋಗೋ ಡೇಟಾ ವೈರ್) ಅಂತೂ ಅರ್ಧ ಮೀಟರ್ ದಾಟಿಸಬೇಡಿ.

ಲೋರಾ (ಕಮ್ಮಿ ಕರೆಂಟಲ್ಲಿ ದೂರ ಹೋಗೋ ರೇಡಿಯೋ) ಹಾಕಿ, ಆರ್‌ಎಫ್‌ಎಂ95 ಮಾಡ್ಯೂಲ್, 868 ಮೆಗಾಹರ್ಟ್ಸ್ ಮಾದರಿ, ಅದನ್ನ 866ಕ್ಕೆ ಟ್ಯೂನ್ ಮಾಡಿ. ನಮ್ಮ ದೇಶದಲ್ಲಿ 865–867 ಲೈಸೆನ್ಸ್ ಇಲ್ಲದೆ ಬಳಸಬಹುದು. 40 ಮೀಟರಿಗೆ ಪೂರ್ತಿ 20 ಡಿಬಿಎಂ ಶಕ್ತಿ ಬೇಡವೇ ಬೇಡ, ಅದು 120 ಮಿಲಿಆಂಪ್ ಎಳೆಯುತ್ತೆ. 13 ಡಿಬಿಎಂ ಸಾಕು, 29 ಮಿಲಿಆಂಪ್. ಸ್ಪ್ರೆಡಿಂಗ್ ಫ್ಯಾಕ್ಟರ್ (ಲೋರಾದ ವೇಗದ ಸೆಟ್ಟಿಂಗ್) 7ರಲ್ಲಿ 20 ಬೈಟ್ ಕಳಿಸೋಕೆ 0.06 ಸೆಕೆಂಡ್. ಹತ್ತು ನಿಮಿಷಕ್ಕೊಂದು ಅಂದರೆ ಸರಾಸರಿ 3 ಮೈಕ್ರೋಆಂಪ್. ಆಂಟೆನಾಗೆ 8.6 ಸೆಂಟಿಮೀಟರ್ ಗಟ್ಟಿ ತಂತಿ ನೆಟ್ಟಗೆ ನಿಲ್ಲಿಸಿ. ತಗಡಿನ ಪೆಟ್ಟಿಗೆಯೊಳಗೆ ಮುಚ್ಚಿಟ್ಟು 'ರೇಂಜ್ ಬರ್ತಿಲ್ಲ' ಅನ್ನಬೇಡಿ.

ಕಳಿಸೋ 20 ಬೈಟ್‌ನಲ್ಲಿ ಆ ಕ್ಷಣದ ಆಂಪ್ ಮಾತ್ರ ಹಾಕಬೇಡಿ. ಮೊದಲಿಂದ ಒಟ್ಟು ಎಷ್ಟು ಎಎಚ್ ಒಳಗೆ, ಎಷ್ಟು ಹೊರಗೆ ಅನ್ನೋ ಏರುತ್ತಾ ಹೋಗೋ ಅಂಕಿ ಹಾಕಿ. ನಡುವೆ ಹತ್ತು ಪ್ಯಾಕೆಟ್ ಕಳೆದರೂ ಹನ್ನೊಂದನೆಯದು ಬಂದಾಗ ಲೆಕ್ಕ ಸರಿಹೋಗುತ್ತೆ. ಮನೆಯ ರಿಸೀವರ್ ರೌಟರ್ ಜೊತೆ ರಾತ್ರಿ ಆಫ್ ಆಗಿದ್ದರೂ ನಷ್ಟ ಇಲ್ಲ.

ಪೆಟ್ಟಿಗೆ ಬ್ಯಾಟರಿಯ ನೇರ ಮೇಲೆ ಗೋಡೆಗೆ ಹೊಡೆಯಬೇಡಿ. ಚಾರ್ಜ್ ಆಗುವಾಗ ಏಳೋ ಆಸಿಡ್ ಆವಿ ಆರೇ ತಿಂಗಳಲ್ಲಿ ತಾಮ್ರ ಹಸಿರು ಮಾಡುತ್ತೆ. ಪಕ್ಕದ ಗೋಡೆಗೆ, ಬ್ಯಾಟರಿಗಿಂತ ಒಂದು ಮೀಟರ್ ದೂರ. ವೈರ್ ಬರೋ ತೂತು ಕೆಳಮುಖ ಇರಲಿ, ಮುಚ್ಚಿರಲಿ, ಇಲ್ಲದಿದ್ದರೆ ಮೊದಲ ಮಳೆಗೇ ಇರುವೆ ಸಂಸಾರ ಹೂಡುತ್ತೆ.

---

ಸೀಸದ_ಫಲಕ

ಎಎಚ್ ಲೆಕ್ಕದ ಜೊತೆ ಎರಡು ತಿದ್ದುಪಡಿ ಬೇಕು. ಒಳಗೆ ಹೋದದ್ದೆಲ್ಲ ಹೊರಗೆ ಬರುವುದಿಲ್ಲ, ಸೀಸದ ಬ್ಯಾಟರಿಗೆ ಚಾರ್ಜ್ ಎಎಚ್ ಅನ್ನು 0.85ರಿಂದ ಗುಣಿಸಿ ಜಮಾ ಮಾಡಿ. ಎರಡನೆಯದು, ಆಗಾಗ 100%ಗೆ ಮರಳಿ ಹೊಂದಿಸುವುದು. ಬರೀ ವೋಲ್ಟೇಜ್ ನೋಡಿ ಮಾಡಬಾರದು: ವೋಲ್ಟೇಜ್ 28.8ರ ಮೇಲೆ ಇದ್ದು, ಒಳಹೋಗುವ ಆಂಪ್ 3ಕ್ಕಿಂತ ಕೆಳಗೆ (ಸಾಮರ್ಥ್ಯದ 2%) ಅರ್ಧ ಗಂಟೆ ನಿಂತರೆ ಆಗ 100% ಎಂದು ಬರೆಯಿರಿ. ಮೋಡ ಕವಿದು ಆಂಪ್ ಇಳಿದರೆ ವೋಲ್ಟೇಜೂ ಇಳಿಯುತ್ತದೆ, ಹಾಗಾಗಿ ಎರಡೂ ಶರತ್ತು ಒಟ್ಟಿಗೆ ಇದ್ದರೆ ಮೋಸ ಆಗುವುದಿಲ್ಲ. ಮಳೆಗಾಲದಲ್ಲಿ ಹಲವು ವಾರ ಈ ಹೊಂದಾಣಿಕೆ ಸಿಗದಿರಬಹುದು, ಆಗ ಶೇಕಡಾವಾರು ಮೇಲೆ ಪೂರ್ತಿ ಭರವಸೆ ಬೇಡ. ಅದಕ್ಕೇ ಕಟಾಫ್‌ಗೆ ವೋಲ್ಟೇಜ್ ಎಂಬ ಎರಡನೇ ಕಾವಲು ಇರಬೇಕು.

ಕಟಾಫ್ ಹಂತಗಳು ಹೀಗಿರಲಿ. ಶೇಕಡ 65ಕ್ಕೆ ಇಳಿದರೆ ಸಂದೇಶ ಮಾತ್ರ. 60 ಆದರೆ ಪ್ಯಾನೆಲ್ ವೋಲ್ಟೇಜ್ ಇಲ್ಲದ ಹೊತ್ತಿನಲ್ಲಿ, ಅಂದರೆ ರಾತ್ರಿ, ಇನ್ವರ್ಟರ್ ಆಫ್. 50 ಆದರೆ ರೌಟರ್ ಕೂಡ ಆಫ್, ದೀಪ ಮಾತ್ರ. ವಾಪಸ್ ಕೂಡಿಸುವುದು 50ರಲ್ಲಲ್ಲ, 62ರಲ್ಲಿ. ನಡುವೆ ಅಂತರ ಇಲ್ಲದಿದ್ದರೆ ಲೋಡ್ ತೆಗೆದೊಡನೆ ವೋಲ್ಟೇಜ್ ಏರಿ, ಕೂಡಿಸಿದೊಡನೆ ಬಿದ್ದು, ರಿಲೇ ಇಡೀ ರಾತ್ರಿ ಟಿಕ್ ಟಿಕ್ ಎನ್ನುತ್ತಿರುತ್ತದೆ. ಶೇಕಡ ಏನೇ ಹೇಳಲಿ, ವೋಲ್ಟೇಜ್ 23.4ಕ್ಕಿಂತ ಕೆಳಗೆ ಹತ್ತು ನಿಮಿಷ ಸತತ ಇದ್ದರೆ ಎಲ್ಲ ಕಟ್. ಹತ್ತು ನಿಮಿಷದ ಕಾಯುವಿಕೆ ಮಿಕ್ಸಿಯ ಎಳೆತಕ್ಕಾಗಿ. ಇಪಿಎವರ್‌ನ ಮೊದಲೇ ಇರುವ ಕಟಾಫ್ 22.2, ಇನ್ವರ್ಟರಿನದು ಇನ್ನೂ ಕೆಳಗೆ, 21ರ ಸುತ್ತ. ಎರಡೂ ಬ್ಯಾಟರಿಯ ಆಯಸ್ಸಿಗೆ ತೀರಾ ತಡ.

---

ಶಂಟ್‌ಭಟ್ಟ

ಕಳಚೋ ಯಂತ್ರದ ಬಗ್ಗೆ. ಮಾಮೂಲಿ ನೀಲಿ 5 ವೋಲ್ಟ್ ರಿಲೇ ಮಾಡ್ಯೂಲ್ ಬೇಡ. ಹಿಡಿದಿಟ್ಟಷ್ಟು ಹೊತ್ತೂ ಕಾಯಿಲ್‌ಗೆ 70 ಮಿಲಿಆಂಪ್, ದಿನಕ್ಕೆ 8 ವ್ಯಾಟ್-ಅವರ್ ದಾಟುತ್ತೆ, ಮಾನಿಟರಿನ ಐವತ್ತು ಪಟ್ಟು. ಎರಡು ಕಾಯಿಲಿನ ಲ್ಯಾಚಿಂಗ್ ರಿಲೇ ತಗೊಳ್ಳಿ: 30–50 ಮಿಲಿಸೆಕೆಂಡ್ ಪಲ್ಸ್ ಕೊಟ್ಟರೆ ಆ ಕಡೆ, ಇನ್ನೊಂದು ಕಾಯಿಲಿಗೆ ಕೊಟ್ಟರೆ ಈ ಕಡೆ, ನಡುವೆ ಸೊನ್ನೆ. ಪ್ರತಿ ಕಾಯಿಲಿಗೆ ಬಿಸಿ337 ಟ್ರಾನ್ಸಿಸ್ಟರ್, ಬೇಸ್‌ಗೆ 1 ಕಿಲೋಓಮ್, ಅಡ್ಡಕ್ಕೆ ಡಯೋಡ್, 5 ವೋಲ್ಟ್ ಲೈನ್‌ಗೆ 1000 ಮೈಕ್ರೋಫ್ಯಾರಡ್. ಬೋರ್ಡ್ ರೀಸೆಟ್ ಆದಾಗ ರಿಲೇ ಯಾವ ಕಡೆ ಇದೆ ಅಂತ ಅದಕ್ಕೆ ಗೊತ್ತಿರಲ್ಲ, ಹಾಗಾಗಿ ಸ್ಟಾರ್ಟ್ ಆದೊಡನೆ ಒಮ್ಮೆ ಆಫ್ ಪಲ್ಸ್ ಕೊಟ್ಟು ಶುರು ಮಾಡಿ. ರಿಲೇ ಡಬ್ಬಿಯ ಮೇಲಿನ ಡಿಸಿ ರೇಟಿಂಗ್ ನೋಡಿ. 250 ವೋಲ್ಟ್ ಅನ್ನೋದು ಎಸಿಗೆ, ಡಿಸಿಗೆ ಸಾಮಾನ್ಯ 30 ವೋಲ್ಟ್. 2 ಆಂಪಿನ ರೌಟರ್ ಲೈನ್‌ಗೆ 16 ಆಂಪ್ ರಿಲೇ ಹಾಕಿದರೆ ನೆಮ್ಮದಿ.

ರಿಲೇ ಬದಲು ಮಾಸ್‌ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್) ಹಾಕೋರು ಐಆರ್‌ಎಫ್520 ಮಾಡ್ಯೂಲ್ ಬಿಡಿ, 3.3 ವೋಲ್ಟ್ ಗೇಟ್‌ಗೆ ಅದು ಪೂರ್ತಿ ತೆರೆಯಲ್ಲ, ಬಿಸಿಯಾಗುತ್ತೆ. ಜೊತೆಗೆ ನೆಗೆಟಿವ್ ಕಡಿದರೆ ರೌಟರಿನ ಇನ್ನೊಂದು ಕೇಬಲ್ ಹಿಡಿದು ಕರೆಂಟ್ ಅಡ್ಡದಾರಿಯಲ್ಲಿ ಹೋಗಬಹುದು. ಪಾಸಿಟಿವ್ ಕಡೆ ಕಡಿಯಿರಿ.

ಇನ್ವರ್ಟರಿನ ಬ್ಯಾಟರಿ ಕೇಬಲನ್ನ ಮಾತ್ರ ಯಾವ ರಿಲೇಯಿಂದಲೂ ಕಡಿದು ಕೂಡಿಸಬೇಡಿ. ಒಳಗಿನ ದೊಡ್ಡ ಕೆಪಾಸಿಟರ್ ತುಂಬೋ ಕ್ಷಣದ ಎಳೆತಕ್ಕೆ ಕಾಂಟ್ಯಾಕ್ಟ್ ಬೆಸೆದು ಕೂರುತ್ತೆ, ಕಿಡಿ ಹಾರುತ್ತೆ, ಪಕ್ಕದಲ್ಲಿ ಹೈಡ್ರೋಜನ್ ಬಿಡೋ ಬ್ಯಾಟರಿ ಇದೆ. ಮುಂದಿನ ಆನ್/ಆಫ್ ಸ್ವಿಚ್ ಬಹಳಷ್ಟು ಮಾದರಿಗಳಲ್ಲಿ ಸಣ್ಣ ಸಿಗ್ನಲ್ ಸ್ವಿಚ್, ಅದಕ್ಕೆ ಲ್ಯಾಚಿಂಗ್ ರಿಲೇ ಕೊಡಬಹುದು. ಆದರೆ ಪೆಟ್ಟಿಗೆ ಬಿಚ್ಚಿದರೆ ವಾರಂಟಿ ಹೋಯ್ತು, ಒಳಗೆ 230 ವೋಲ್ಟ್ ಇದೆ. ರಿಮೋಟ್ ಟರ್ಮಿನಲ್ ಇರೋ ಸಣ್ಣ ಇನ್ವರ್ಟರ್ ಒಂದನ್ನ ದಿನದ ಬಳಕೆಗೆ ಇಟ್ಟು, ದೊಡ್ಡದನ್ನ ಮಿಕ್ಸಿ ಹೊತ್ತಿಗೆ ಮಾತ್ರ ಕೈಯಿಂದ ಆನ್ ಮಾಡೋದು ನನ್ನ ಪ್ರಕಾರ ಒಳ್ಳೇದು.

---

ತೋಟದಮನೆ24

ಎಲ್ಲ ಬರ್ಕೊಂಡೆ. ಮಾನಿಟರಿಗೆ ಕರೆಂಟ್ ಕಂಟ್ರೋಲರಿನ ಲೋಡ್ ಟರ್ಮಿನಲ್‌ನಿಂದ ಕೊಡಬಹುದಾ? ಮತ್ತೆ ಕೂರಿಸಿದ ಮೇಲೆ ನಿಜವಾಗಿ ಎಷ್ಟು ಎಳೀತಿದೆ ಅಂತ ಸಾದಾ ಮಲ್ಟಿಮೀಟರ್‌ನಲ್ಲಿ ಅಳೆಯಬಹುದಾ?

---

ಕಿಲುಬು_ಟರ್ಮಿನಲ್

ಲೋಡ್ ಟರ್ಮಿನಲ್ ಬೇಡ. ಕಂಟ್ರೋಲರ್ ಕಟಾಫ್ ಆದಾಗಲೇ ಅಲ್ಲವಾ ಮಾನಿಟರ್ ಬೇಕಾಗೋದು, ಆ ಹೊತ್ತಿಗೇ ಅದೂ ಸತ್ತಿರುತ್ತೆ. ಬ್ಯಾಟರಿ ಪಾಸಿಟಿವ್‌ನಿಂದ ಅರ್ಧ ಆಂಪ್ ಫ್ಯೂಸ್ ಹಾಕಿ ನೇರ ತಗೊಳ್ಳಿ, ನೆಗೆಟಿವ್ ಶಂಟ್‌ನ ಆ ಕಡೆಯಿಂದ.

ಮೀಟರಲ್ಲಿ ಅಳೆಯಬಹುದು, ಆದರೆ ಅಳೆಯೋ ಜಾಗ ಮುಖ್ಯ. 3.3 ವೋಲ್ಟ್ ಕಡೆ ಮೈಕ್ರೋಆಂಪ್ ರೇಂಜ್‌ನಲ್ಲಿ ಹಾಕಿದರೆ ಮೀಟರಿನೊಳಗಿನ ರೆಸಿಸ್ಟರ್ 100 ಓಮ್ ಆಸುಪಾಸು ಇರುತ್ತೆ, ಲೋರಾ 29 ಮಿಲಿಆಂಪ್ ಎಳೆದ ಕೂಡಲೇ ಅದರಲ್ಲೇ 2.9 ವೋಲ್ಟ್ ಬಿದ್ದು ಬೋರ್ಡ್ ರೀಸೆಟ್. ಪ್ಯಾಕೆಟ್ ಒಂದೂ ಹೋಗಲ್ಲ, ಮೀಟರ್ ಮಾತ್ರ ಬಹಳ ಕಮ್ಮಿ ತೋರಿಸಿ ಖುಷಿಪಡಿಸುತ್ತೆ. 24 ವೋಲ್ಟ್ ಕಡೆ, ಫ್ಯೂಸ್ ತೆಗೆದ ಜಾಗಕ್ಕೆ ಮಿಲಿಆಂಪ್ ರೇಂಜ್‌ನಲ್ಲಿ ಹಾಕಿ. ಅಲ್ಲಿ ಒಂದೆರಡು ವೋಲ್ಟ್ ಬಿದ್ದರೂ ರೆಗ್ಯುಲೇಟರ್‌ಗೆ ಲೆಕ್ಕವಿಲ್ಲ. ಎಲ್ಲ ಸರಿ ಇದ್ದರೆ 0.3 ಮಿಲಿಆಂಪ್ ಸುತ್ತಮುತ್ತ ನಿಲ್ಲಬೇಕು. ಅದರಲ್ಲೂ ಮುಕ್ಕಾಲು ಪಾಲು ರೆಗ್ಯುಲೇಟರಿನ ಸ್ವಂತ ಖರ್ಚು. 1 ಮಿಲಿಆಂಪ್ ದಾಟಿದರೆ ಮೊದಲು ಪ್ರೊ ಮಿನಿಯ ಎಲ್‌ಇಡಿ ಕಿತ್ತಿದೀರಾ ನೋಡಿ, ಆಮೇಲೆ ಆರ್‌ಎಫ್‌ಎಂ95ಗೆ ಕಳಿಸಿದ ಮೇಲೆ ಸ್ಲೀಪ್ ಆದೇಶ ಹೋಗ್ತಿದೆಯಾ ನೋಡಿ. ಸ್ಟ್ಯಾಂಡ್‌ಬೈನಲ್ಲಿ ಬಿಟ್ಟರೆ ಅದೊಂದೇ ಒಂದೂವರೆ ಮಿಲಿಆಂಪ್ ತಿನ್ನುತ್ತೆ.